ಟರ್ಬೈನಿನ ಬಾಗಿಲ ಕುರ್ಚಿ

ಈ ಪ್ರಸಂಗಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಮಲೆಬೆನ್ನೂರು ಕಡೆಯ ಒಬ್ಬ ಹಿರಿಯ ಫಿಟ್ಟರು. ನನಗಿಂತ ಮುಂಚೆ ಆ ಕುರ್ಚಿಯ ಮೇಲೆ ಕೂತಿದ್ದವರು ಅವರೇ. ಕುರ್ಚಿ ಬಿಟ್ಟುಕೊಟ್ಟ ದಿನ, "ಇದರ ಮ್ಯಾಲೆ ಕುಂತ್ರೆ ಇಂಥವು ಆಗ್ತಾನೇ ಇರ್ತವೆ ತಮ್ಮಾ, ತಯಾರಾಗಿರು" ಎಂದಿದ್ದರು. ಅವರ ಮಾತು ಸುಳ್ಳಾಗಲಿಲ್ಲ.

ಯಾವ ಕುರ್ಚಿ ಎಂದು ಮೊದಲು ಹೇಳಬೇಕು. ಹರಿಹರದ ಆಚೆ ಒಂದು ಕಾರ್ಖಾನೆ, ಹೆಸರು ಬೇಡ. ತನಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಾಯ್ಲರಿನ ಹಬೆ ಟರ್ಬೈನಿನ ರೆಕ್ಕೆಗಳನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ, ನಿಮಿಷಕ್ಕೆ ಮೂರು ಸಾವಿರ ಸುತ್ತು. ವರ್ಷಕ್ಕೊಮ್ಮೆ ಅದನ್ನು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಬಿಚ್ಚಿ, ಒಳಗಿಳಿದು ತೊಳೆದು ತಿಕ್ಕಿ, ಪರೀಕ್ಷೆ ಮಾಡಿ ಮುಚ್ಚುತ್ತಾರೆ. ಆಗ ಒಳಗೆ ಏಳೆಂಟು ಜನ ಇರುತ್ತಾರೆ. ಅವರು ಒಳಗಿದ್ದಾಗ ಯಾರೋ ತಿಳಿಯದೆ ಹಬೆ ಬಿಡಬಾರದು, ಸ್ವಿಚ್ಚು ಹಾಕಬಾರದು. ಅದಕ್ಕಾಗಿ ವಾಲ್ವಿಗೂ ಸ್ವಿಚ್ಚಿಗೂ ಬೀಗ ಹಾಕಿ, ಬೀಗದ ಕೈಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಹಾಕಿ ಒಬ್ಬ ಮನುಷ್ಯನನ್ನು ಕೂರಿಸುತ್ತಾರೆ. ಒಳಗೆ ಹೋದವರ ಹೆಸರು, ಅವರ ಸಂಗಡ ಹೋದ ನಟ್ಟು ಬಿಚ್ಚುವ ಪಾನಾ, ಟಾರ್ಚು, ಚಿಂದಿ ಬಟ್ಟೆ, ಎಲ್ಲವನ್ನೂ ಅವನು ಬರೆದುಕೊಳ್ಳಬೇಕು. ಹೊರಗೆ ಬಂದಾಗ ಪಟ್ಟಿಯಿಂದ ಒಂದೊಂದಾಗಿ ಹೊಡೆದುಹಾಕಬೇಕು. ಒಂದು ನಟ್ಟು ಒಳಗುಳಿದರೂ ಯಂತ್ರ ತಿರುಗಿದಾಗ ಅದು ಬಂದೂಕಿನ ಗುಂಡು. ಮನುಷ್ಯನೇ ಉಳಿದರೆ ಏನಾಗುತ್ತದೆಂದು ನಾನು ಬರೆಯಲಾರೆ.

ಆ ಕೂತ ಮನುಷ್ಯ ನಾನು. ಇಪ್ಪತ್ತೆರಡು ವರ್ಷ ಕೂತೆ. ಒಳಗೆ ಜನ ಇರುವಷ್ಟು ಹೊತ್ತು ಏಳುವಂತಿಲ್ಲ, ಪೇಪರ್ ಓದುವಂತಿಲ್ಲ, ಫೋನ್ ಮುಟ್ಟುವಂತಿಲ್ಲ, ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವಂತಿಲ್ಲ. ಹೋಗಲಿ, ಸುಮ್ಮನೆ ಕೂತು ಜಪ ಮಾಡೋಣವೆಂದು ಮೊದಲ ವರ್ಷ ಪ್ರಯತ್ನಿಸಿದೆ. ಆ ಎಣಿಕೆಯೂ ಪಾನಾಗಳ ಎಣಿಕೆಯೂ ಕಲಸಿಕೊಂಡು, ಶಿವನಿಗೆ ಎಷ್ಟು ಸಂದಿತು, ಫಿಟ್ಟರಿಗೆ ಎಷ್ಟು ಹೋಯಿತು ಎಂದು ತಿಳಿಯದೆ ಬಿಟ್ಟುಬಿಟ್ಟೆ.

ಈ ವರ್ಷದ್ದು ನನ್ನ ಕೊನೆಯ ಶಟ್‌ಡೌನು. ಅದು ಶುರುವಾದ ದಿನವೇ ಮ್ಯಾನೇಜರ್ ಸಾಹೇಬರು ಕರೆದು, ಕೆಲಸ ಮುಗಿಯುವುದರೊಳಗೆ ನನ್ನ ಜಾಗಕ್ಕೆ ಒಬ್ಬನನ್ನು ನಾನೇ ಹುಡುಕಿ ಕೊಡಬೇಕೆಂದರು. ಯಾರೂ ಒಪ್ಪದಿದ್ದರೆ ಕುರ್ಚಿ ತೆಗೆಸಿ ಕಂಬಕ್ಕೆ ಒಂದು ಕ್ಯಾಮೆರಾ ಹಾಕಿಸುವುದಾಗಿ ಹೇಳಿದರು. ಕ್ಯಾಮೆರಾ ನೋಡುತ್ತದೆ, ನಿಜ. ಆದರೆ ಅದು ಯಾರನ್ನೂ ತಡೆದು ಜೇಬಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಹನ್ನೆರಡು ದಿನದೊಳಗೆ ಒಬ್ಬ ಸಿಗಬೇಕಿತ್ತು. ಯಾಕೆ ಯಾರೂ ಸಿಗುತ್ತಿರಲಿಲ್ಲ ಎಂಬುದು ಮುಂದಿನ ಪ್ರಸಂಗಗಳನ್ನು ಓದಿದರೆ ನಿಮಗೇ ತಿಳಿಯುತ್ತದೆ.

೧. ಎಂಟು ಮನೆಯ ಹಾಗಲಕಾಯಿ

ಇದು ಹಿರಿಯ ಫಿಟ್ಟರು ಹೇಳಿದ್ದು. ಕುರ್ಚಿಯಲ್ಲಿ ಕೂತವನು ಏಳಬೇಕಾದರೆ ಬದಲಿಗೆ ಒಬ್ಬ ಕೂರಬೇಕು. ಬದಲಿ ಇಲ್ಲದಿದ್ದರೆ ಗಂಟೆ ಬಾರಿಸಿ ಒಳಗಿನವರನ್ನೆಲ್ಲ ಹೊರಗೆ ಕರೆದು, ಎಣಿಸಿ, ಆಮೇಲೆ ಏಳಬೇಕು. ಬದಲಿ ಆಗಲೂ ಇರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ. ಮುಕ್ಕಾಲು ತಾಸಿಗೊಮ್ಮೆ ಏಳಲೇಬೇಕು.

ಆ ಸಲ ಕೆಲಸ ಟರ್ಬೈನಿನ ಕೆಳಗೆ, ಹಬೆಯನ್ನು ನೀರಾಗಿಸುವ ಕಂಡೆನ್ಸರಿನಲ್ಲಿ. ಅದಕ್ಕೆ ಇರುವುದು ಒಂದೇ ಕಿಂಡಿ. ಹೊಟ್ಟೆಯ ಮೇಲೆ ತೆವಳಿಕೊಂಡೇ ಬರಬೇಕು. ಗಂಟೆ ಹೊಡೆದರೆ ಎಂಟು ಜನ ಒಬ್ಬರ ಹಿಂದೊಬ್ಬರು ತೆವಳಿ ಬಂದು ಸಾಲಾಗಿ ನಿಲ್ಲುವುದು, ಇವರು ಹೋಗಿ ಬರುವುದು, ಎಂಟು ಜನ ಮತ್ತೆ ತೆವಳಿ ಒಳಗೆ ಹೋಗುವುದು. ಮೊದಲ ದಿನ ಯಾರೂ ಏನೂ ಅನ್ನಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮೇಸ್ತ್ರಿ ಮುಖದ ಮಸಿ ಒರೆಸಿಕೊಳ್ಳುತ್ತ, "ಯಜಮಾನ್ರೇ, ಇದು ನೀರಿಂದೋ, ವಯಸ್ಸಿಂದೋ?" ಎಂದು ಕೇಳಿದ. ಸಕ್ಕರೆಯಿಂದ ಎಂದರು ಇವರು.

ಅಂದಿನಿಂದ ಇವರ ಸಕ್ಕರೆಯನ್ನು ಎಂಟು ಜನ ವಹಿಸಿಕೊಂಡರು. ಮನೆಯಿಂದ ಬಂದ ಹೋಳಿಗೆಯನ್ನು ಬುತ್ತಿಯಿಂದಲೇ ತೆಗೆದು ತಿಂದುಬಿಟ್ಟರು. ಬೆಲ್ಲದ ಚಹಾ ನಿಂತಿತು. ಎಂಟೂ ಮನೆಯ ಹೆಂಗಸರಿಗೆ ಹೇಳಿ ಮಾಡಿಸಿದ ಹಾಗಲಕಾಯಿ ಬರತೊಡಗಿತು. ಒಬ್ಬರದು ಪಲ್ಯ, ಒಬ್ಬರದು ಗೊಜ್ಜು, ಒಬ್ಬರದು ಬರೀ ರಸ. ಇವರು ತಿನ್ನುವವರೆಗೆ ಎಂಟು ಜನ ಸುತ್ತ ನಿಂತು ಕಾಯುತ್ತಿದ್ದರು. ಕುರ್ಚಿಯಲ್ಲಿ ಕೂತವನ ಸುತ್ತ ಅಷ್ಟು ಜನ ನಿಂತದ್ದು ಆ ಒಂದೇ ಸಲವಂತೆ. ಕಹಿ ತಿನ್ನುತ್ತಿದ್ದರೂ ಮನಸ್ಸಿಗೆ ಹಿತವಾಗಿತ್ತು ಎಂದರು.

ಹನ್ನೆರಡನೆಯ ದಿನಕ್ಕೆ ಗಂಟೆ ಇಡೀ ದಿನದಲ್ಲಿ ಎರಡೇ ಸಲ ಹೊಡೆಯಿತು. ದಾವಣಗೆರೆಯ ಡಾಕ್ಟರು ರಕ್ತದ ರಿಪೋರ್ಟು ನೋಡಿ ಬೆರಗಾಗಿ, ಹೊಸ ಔಷಧಿ ಏನಾದರೂ ಶುರು ಮಾಡಿದಿರಾ ಎಂದು ಕೇಳಿದರು. ಇವರು, "ಔಷಧಿ ಅಲ್ಲ ಸಾರ್, ಕಂಡೆನ್ಸರ್ ಒಳಗೆ ಎಂಟು ಜನ ಅದಾರೆ. ನಾ ಎದ್ರೆ ಅವರು ಹೊರಗೆ ಬರಬೇಕು. ಅದಕ್ಕೇ ಕಡಿಮೆ ಆಗೈತೆ" ಎಂದು ವಿವರವಾಗಿ ಹೇಳಿದರು. ಡಾಕ್ಟರು ಚೀಟಿಯಲ್ಲಿ ಇನ್ನೊಬ್ಬ ಡಾಕ್ಟರ ಹೆಸರು ಬರೆದು, ಅವರನ್ನೂ ಒಮ್ಮೆ ಕಂಡು ಬನ್ನಿ ಎಂದರಂತೆ. ಅವರು ತಲೆಯ ಡಾಕ್ಟರು.

೨. ಮೇಲಿನ ಸಾಲು, ಒಂದು

ನಾನು ಕೂತ ಮೂರನೆಯ ವರ್ಷ ಟರ್ಬೈನಿನ ರೆಕ್ಕೆ ನೋಡಲು ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ವಯಸ್ಸಾದವರು, ದೊಡ್ಡ ಹೆಸರು. ಕಾರಿನಿಂದ ಇಳಿದವರನ್ನು ಮ್ಯಾನೇಜರ್ ಸಾಹೇಬರೇ ಮುಂದೆ ನಿಂತು ಕರೆತಂದರು. ನಾನು ಕೇಳಿದಂತೆ ಅವರು ವಾಚು ಕೊಟ್ಟರು, ಉಂಗುರ ಕೊಟ್ಟರು, ಪೆನ್ನು, ಬೆಲ್ಟು, ಫೋನು ಎಲ್ಲ ಕೊಟ್ಟರು. ಇನ್ನೇನು ಒಳಗೆ ಕಾಲಿಡಬೇಕು, ಏನೋ ಹೇಳಿ ನಕ್ಕರು. ನಕ್ಕಾಗ ಮೇಲಿನ ಹಲ್ಲಿನ ಸಾಲು ಒಂದು ಕೂದಲೆಳೆಯಷ್ಟು ಕೆಳಗಿಳಿದು ಮತ್ತೆ ಮೇಲೆ ಹೋಯಿತು.

ನನಗೆ ಕಂಡುಬಿಟ್ಟಿತು. ಕಂಡಮೇಲೆ ಬಿಡುವ ಹಾಗಿಲ್ಲ. ಎದ್ದು ಹತ್ತಿರ ಹೋಗಿ ಮೆಲ್ಲಗೆ ಕೇಳುವ ಹಾಗೂ ಇಲ್ಲ, ಒಳಗೆ ಆಗಲೇ ನಾಲ್ಕು ಜನ ಇದ್ದರು. ಕೂತಲ್ಲಿಂದಲೇ, ಸಾಹೇಬರ ಎದುರಿಗೇ ಕೇಳಬೇಕಾಯಿತು.

"ಸ್ವಾಮಿ, ತಪ್ಪು ತಿಳೀಬ್ಯಾಡ್ರಿ. ಹಲ್ಲು ಬಿಗಿ ಅದಾವೇನ್ರಿ?"

ಹಲ್ಲು ದೇಹದ ಭಾಗ ಎಂದು ಅವರು ವಾದಿಸಿದರು. ಬಿಚ್ಚಿ ಬರುವುದೆಲ್ಲ ಸಾಮಾನು ಎಂದು ನಾನು ಹೇಳಿದೆ. ಸಾಹೇಬರು ಕಿಟಕಿಯ ಕಡೆ ತಿರುಗಿಕೊಂಡರು. ಕೊನೆಗೆ ತಜ್ಞರು ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಸಾಮಾನು ಇಡುವ ನನ್ನ ತಟ್ಟೆಯಲ್ಲಿಟ್ಟು ಒಳಗೆ ಹೋದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ: ಹಲ್ಲು, ಮೇಲಿನ ಸಾಲು, ಒಂದು.

ಹತ್ತು ನಿಮಿಷಕ್ಕೆ ಮೇಸ್ತ್ರಿ ತಲೆ ಹೊರಗೆ ಹಾಕಿದ. ಒಳಗೆ ಅವರು ಬಹಳ ಮುಖ್ಯವಾದದ್ದೇನೋ ಹೇಳುತ್ತಿದ್ದಾರೆ, ಆದರೆ ಬರೀ ಗಾಳಿ ಬರುತ್ತಿದೆ, ಯಾವ ರೆಕ್ಕೆಯನ್ನು ತೆಗೆಯಲು ಹೇಳಿದರು ಯಾವುದನ್ನು ಬಿಡಲು ಹೇಳಿದರು ತಿಳಿಯುತ್ತಿಲ್ಲ ಎಂದ. ಹಲ್ಲು ಕೊಡಬೇಕಂತೆ. ನಿಯಮದಲ್ಲಿ ಅದಕ್ಕೂ ದಾರಿ ಇತ್ತು. ಕೈಜಾರಿ ಬೀಳಬಹುದಾದ ಸಾಮಾನನ್ನು ಹುರಿಯಿಂದ ಮೈಗೆ ಕಟ್ಟಿಕೊಂಡು ಒಯ್ಯಬಹುದು. ಹಾಗೆ ಸೆಟ್ಟಿನ ಕೊಂಡಿಗೆ ಒಂದು ಗೇಣು ಹುರಿ ಕಟ್ಟಿ, ಇನ್ನೊಂದು ತುದಿಯನ್ನು ಅವರ ಅಂಗಿಯ ಕಾಜಾಗೆ ಬಿಗಿದು ಒಳಗೆ ಕಳಿಸಿದೆ.

ಸಂಜೆ ಸಹಿ ಹಾಕುವಾಗ ಅವರು ನನ್ನನ್ನು ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಹುರಿ ಬಿಚ್ಚಿ ನನ್ನ ಕೈಗಿಟ್ಟು, "ನನ್ನ ಬಾಯಿಗೆ ಹಗ್ಗ ಹಾಕೋಕೆ ಮನೆಯಾಕೆ ನಲವತ್ತು ವರ್ಷದಿಂದ ನೋಡ್ತಿದಾಳೆ. ನಿಮ್ಮ ವಿಳಾಸ ಒಂದು ಬರೆದುಕೊಡಿ" ಎಂದರು.

೩. ಕೊರಳಲ್ಲಿ ಆರು ಜನರ ದೇವರು

ಜನರೇಟರಿನ ಹೊಟ್ಟೆಯೊಳಗೆ ಮಲಗಿಕೊಂಡು ಕೆಲಸ ಮಾಡುವವರ ಮೈಮೇಲೆ ಲೋಹ ಎನ್ನುವುದು ಇರಬಾರದು. ಕಾರ್ಖಾನೆಯವರು ಇದಕ್ಕೆಂದು ಒಂದು ತಟ್ಟೆ ಕೊಟ್ಟಿದ್ದರು. ಬೀಗದ ಕೈ, ಚಿಲ್ಲರೆ, ವಾಚು ಅದರಲ್ಲಿ ಇಡುತ್ತಿದ್ದರು. ಆದರೆ ತಟ್ಟೆ ಇದ್ದ ಬೆಂಚಿನ ಕೆಳಗೇ ಎಲ್ಲರ ಬೂಟುಗಳು. ಕೊರಳಿನ ತಾಯತ, ಬೆಳ್ಳಿ ಸರದ ರುದ್ರಾಕ್ಷಿ, ಆಂಜನೇಯನ ಪದಕ, ಇವನ್ನು ಬೂಟಿನ ಪಕ್ಕ ಯಾರು ಇಡುತ್ತಾರೆ. ಒಬ್ಬರು ಲಿಂಗವನ್ನು ಮಡಿ ಬಟ್ಟೆಯಲ್ಲಿ ಕಟ್ಟಿ ಎದೆಗೆ ಬಿಗಿದುಕೊಂಡು, ಬೆಳ್ಳಿಯ ಕರಡಿಗೆಯನ್ನು ಮಾತ್ರ ಕೈಯಲ್ಲಿ ಹಿಡಿದು, "ಇದನ್ನ ಎಲ್ಲೂ ಇಡಬ್ಯಾಡ್ರಿ ಯಜಮಾನ್ರೇ, ನಿಮ್ಮ ಕೊಳ್ಳಾಗೇ ಇರ್ಲಿ" ಎಂದರು. ಸರಿ ಎಂದು ಹಾಕಿಕೊಂಡೆ. ಅವರದು ಹಾಕಿಕೊಂಡ ಮೇಲೆ ಉಳಿದವರದು ಬೇಡ ಎನ್ನಲಾಗುತ್ತದೆಯೇ. ಆರು ಜನರದು ನನ್ನ ಕೊರಳಿಗೆ ಬಂತು. ಒಳಗೆ ಒಟ್ಟು ಎಂಟು ಜನ.

ಬೆಳಗಿನ ಹತ್ತರಿಂದ ಹಾಗೆ ಕೂತಿದ್ದೆ. ಒಳಗಿನಿಂದ ಅವರು ನಗುವುದು, ಒಬ್ಬರ ಕಾಲು ಒಬ್ಬರು ಎಳೆಯುವುದು, ಯಾರದೋ ಮನೆಯ ಸುದ್ದಿ, ಎಲ್ಲ ಡಬ್ಬಿಯೊಳಗಿನ ಸದ್ದಿನ ಹಾಗೆ ಕೇಳುತ್ತಿತ್ತು. ಏನು ಮಾತು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಕೊರಳಲ್ಲಿ ಆರು ಜನರ ದೇವರು, ಎದುರಿಗೆ ಒಬ್ಬ ಮನುಷ್ಯನೂ ಇಲ್ಲ.

ಅಷ್ಟರಲ್ಲಿ ಕಸ ಗುಡಿಸಲು ಹೊಸದಾಗಿ ಬಂದ ಹೆಂಗಸರು ಬಂದರು. ಎಲ್ಲರ ಮುಂದೆ ಬಾತಿ ಹಳ್ಳಿಯ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು. ಹಣೆಯ ತುಂಬ ವಿಭೂತಿ ಹಚ್ಚಿ, ಕೊರಳ ತುಂಬ ಸರ ಹಾಕಿ, ಅಲುಗಾಡದೆ ಮಾತಾಡದೆ ಕೂತ ನನ್ನನ್ನು ನೋಡಿ ಆಕೆ ಪೊರಕೆ ಬಿಟ್ಟು ಕೈಮುಗಿದಳು. ಬೇಡಮ್ಮಾ ಎಂಬಂತೆ ನಾನು ಕೈ ಎತ್ತಿದೆ. ಅದನ್ನು ಆಶೀರ್ವಾದ ಎಂದುಕೊಂಡು ಉಳಿದವರೂ ಬಗ್ಗಿದರು. ಯಾರೋ ಬುತ್ತಿಯಿಂದ ಎರಡು ಬಾಳೆಹಣ್ಣು ತೆಗೆದು ನನ್ನ ಕಾಲ ಬಳಿ ಇಟ್ಟರು. ಬಾತಿಯ ಹೆಣ್ಣುಮಗಳು ಇನ್ನೂ ಹತ್ತಿರ ಬಂದು, ಮಗಳಿಗೆ ಎಲ್ಲಿಯೂ ಸಂಬಂಧ ಕೂಡಿಬರುತ್ತಿಲ್ಲ, ಯಾವಾಗ ಆದೀತು ಎಂದು ಮೆಲುದನಿಯಲ್ಲಿ ಕೇಳಿದಳು. ಒಳಗೆ ಎಂಟು ಜನ ಇದ್ದಾರೆ, ಈಗ ಮಾತಾಡಿಸಬೇಡಿ ಎಂದು ತಿಳಿಸಲು ಬಾಯಿ ಮೇಲೆ ಬೆರಳಿಟ್ಟು, ಆಮೇಲೆ ಎಂಟು ಬೆರಳು ತೋರಿಸಿದೆ. ಆಕೆಯ ಕಣ್ಣಲ್ಲಿ ನೀರು ಬಂತು. ತಲೆಯಾಡಿಸಿ ಹೋದಳು.

ಸರಿಯಾಗಿ ಎಂಟನೆಯ ತಿಂಗಳು ಆಕೆ ಮಗಳ ಲಗ್ನಪತ್ರಿಕೆಗೆ ಅರಿಶಿನ ಹಚ್ಚಿಕೊಂಡು ನಮ್ಮ ಮನೆಗೇ ಬಂದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ದೊಡ್ಡವರು ಯಾವಾಗಲೂ ಹೀಗೇ ಹೇಳುವುದು ಎಂದು ನನ್ನ ಹೆಂಡತಿಗೆ ಹೇಳಿ, ಇನ್ನೊಬ್ಬ ಮಗಳ ಜಾತಕ ಇಟ್ಟು ಹೋದಳು.

೪. ಯಾರ ಕಣ್ಣು ತೆರೆದಿತ್ತು

ಯಂತ್ರವನ್ನು ಮುಚ್ಚಿದ ಮೇಲೆ ಒಂದು ಪರೀಕ್ಷೆ ಇದೆ. ಟರ್ಬೈನು ಮಿತಿಮೀರಿ ಓಡಿದರೆ ಹಬೆ ತಾನಾಗಿ ಕಟ್ಟಾಗಬೇಕು. ಕಟ್ಟಾಗುತ್ತದೋ ಇಲ್ಲವೋ ತಿಳಿಯಲು ಬೇಕೆಂದೇ ಮಿತಿಮೀರಿ ಓಡಿಸಿ ನೋಡಬೇಕು. ಕಟ್ಟಾಗದಿದ್ದರೆ ಅಲ್ಲಿದ್ದವರು ಉಳಿಯುವುದಿಲ್ಲ. ಅದಕ್ಕೇ ಎಲ್ಲರನ್ನೂ ಹೊರಗೆ ಬೇವಿನ ಮರದ ಕೆಳಗೆ ಕಳಿಸಿ, ಮೂವರು ಮಾತ್ರ ನಿಲ್ಲುತ್ತಾರೆ. ಮೀಟರ್ ನೋಡಲು ಆಪರೇಟರು, ಇನ್ನೊಂದು ಕೈಮೀಟರ್ ಹಿಡಿದ ಎಲೆಕ್ಟ್ರೀಷಿಯನ್, ಮೂರನೆಯವರು ಮ್ಯಾನೇಜರ್ ಸಾಹೇಬರು. ಯಾರೂ ಮತ್ತೆ ಒಳಗೆ ನುಗ್ಗದಂತೆ ಬಾಗಿಲಲ್ಲಿ ನಾನು.

ಒಂದು ವರ್ಷ ಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಶುರು ಮಾಡಿದರು. ಸದ್ದು ಏರತೊಡಗಿತು. ಮೂರು ಸಾವಿರ ದಾಟಿದ ಮೇಲೆ ಅದು ಕಿವಿಗೆ ಕೇಳುವ ಸದ್ದಾಗಿ ಉಳಿಯಲಿಲ್ಲ, ಎದೆಯೊಳಗೇ ಏಳತೊಡಗಿತು. ನೆಲ ನಡುಗಿತು. ಆಮೇಲೆ ಟಣ್ ಎಂದು ಒಂದೇ ಏಟು, ಹಬೆ ಕಟ್ಟಾಯಿತು, ಸದ್ದು ಇಳಿಯಿತು. ಮರದ ಕೆಳಗಿನಿಂದ ಚಪ್ಪಾಳೆ ಕೇಳಿಸಿತು.

ಎಷ್ಟಕ್ಕೆ ಕಟ್ಟಾಯಿತು ಎಂದು ಸಾಹೇಬರು ಕೇಳಿದರು. ಆ ಸಂಖ್ಯೆಗಾಗಿಯೇ ಅಲ್ಲವೇ ಇಷ್ಟೆಲ್ಲ. ಆಪರೇಟರು ಎಲೆಕ್ಟ್ರೀಷಿಯನ್ ಮುಖ ನೋಡಿದ. ಎಲೆಕ್ಟ್ರೀಷಿಯನ್ ಆಪರೇಟರ್ ಮುಖ ನೋಡಿ, ಹತ್ತಿರ ಬಂದಾಗ ದೇವರನ್ನು ನೆನೆಸಿಕೊಂಡೆ ಸಾರ್ ಎಂದ. ಆಪರೇಟರೂ ನೆನೆಸಿಕೊಂಡಿದ್ದನಂತೆ. ಹಾಗಾದರೆ ಇಬ್ಬರೂ ಕಣ್ಣು ಮುಚ್ಚಿದಿರಾ ಎಂದು ಸಾಹೇಬರು ಕೂಗಾಡಿ, ಸಾಕ್ಷಿಗೆ ನನ್ನನ್ನು ಕರೆದರು. ಮೂವರೂ ನಿಂತಿದ್ದಾರೋ ಎಂದು ನಾನು ಅವರನ್ನೇ ನೋಡುತ್ತಿದ್ದೆ. ಅದು ನನ್ನ ಕೆಲಸ.

"ಯಜಮಾನ್ರೇ, ಇವರಲ್ಲಿ ಯಾರ ಕಣ್ಣು ತೆರೆದಿತ್ತು?"

"ಯಾರದೂ ಇಲ್ಲ ಸಾಹೇಬ್ರೇ."

"ನನ್ನದು?"

"ನಿಮ್ಮದೇ ಮೊದಲು ಮುಚ್ಚಿದ್ದು."

ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರು. ಈಗ ಆ ಪರೀಕ್ಷೆಯ ಕ್ರಮ ಬರೆದ ಹಾಳೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: ಪ್ರಾರ್ಥನೆಯನ್ನು ಮುಂಚಿತವಾಗಿ ಮುಗಿಸತಕ್ಕದ್ದು. ನನ್ನನ್ನು ಚಹಾಕ್ಕೆ ಕರೆಯುವವರು ಮೊದಲೇ ಕಡಿಮೆ. ಆ ವರ್ಷದಿಂದ ಆ ಮೂವರೂ ಕರೆಯುವುದನ್ನು ಬಿಟ್ಟರು.

೫. ಬಿ ಬ್ಲಾಕಿನ ಚಪ್ಪಲಿಗಳು

ಕುರ್ಚಿ ಮನೆಗೂ ಬರುತ್ತದೆ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ನನ್ನ ಹೆಂಡತಿಯ ಕಡೆಯವರ ಗೃಹಪ್ರವೇಶ. ಹೆಂಗಸರೊಂದಿಗೆ ಆಕೆ ಒಳಗೆ ಹೋದಳು. ಗಂಡಸರ ಗುಂಪಿನಲ್ಲಿ ನನಗೆ ಮಾತು ಬರುವುದಿಲ್ಲ. ಅಷ್ಟು ವರ್ಷ ಸುಮ್ಮನೆ ಕೂತವನಿಗೆ ಮಾತು ಎಲ್ಲಿಂದ ಶುರು ಮಾಡಬೇಕೆಂಬುದು ಮರೆತುಹೋಗಿರುತ್ತದೆ. ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು. ಕೂತೆ. ಕೂತಮೇಲೆ ಬಂದವರನ್ನು ಎಣಿಸದೆ ಇರಲಾಗಲಿಲ್ಲ.

ಮೊದಲು ಬಂದ ಒಬ್ಬರು ನನ್ನನ್ನು ನೋಡಿ ಚಪ್ಪಲಿ ಬಿಟ್ಟು, "ನೋಡ್ಕೊಳ್ರಿ ಯಜಮಾನ್ರೇ" ಎಂದು ಹೋದರು. ಎರಡನೆಯವರೂ ಹಾಗೇ ಬಿಟ್ಟರು. ನಾನು ಜೇಬಿನ ಬಸ್ ಟಿಕೇಟುಗಳನ್ನು ಹರಿದು, ನಂಬರು ಬರೆದು, ಒಂದು ತುಂಡು ಚಪ್ಪಲಿಯೊಳಗೆ, ಒಂದು ತುಂಡು ಅವರ ಕೈಗೆ ಕೊಡತೊಡಗಿದೆ. ಊಟದ ಮೊದಲ ಪಂಕ್ತಿ ಆಯಿತು, ಎರಡನೆಯದಾಯಿತು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಕೊನೆಯ ಪಂಕ್ತಿಯಲ್ಲಿ ಹೆಂಡತಿ ಹುಡುಕಿಕೊಂಡು ಬಂದು, ಇನ್ನೂರು ಜೊತೆ ಚಪ್ಪಲಿಯ ನಡುವೆ ಕೂತ ಗಂಡನನ್ನು ಎಬ್ಬಿಸಿ ಎಲೆಗೆ ಕರೆದೊಯ್ದಳು.

ಆ ದಿನ ಒಂದು ಜೊತೆಯೂ ಕಳೆಯಲಿಲ್ಲ, ಅದಲುಬದಲೂ ಆಗಲಿಲ್ಲ. ದಾವಣಗೆರೆಯ ಯಾವ ಸಮಾರಂಭದಲ್ಲೂ ಹೀಗೆ ನಡೆದಿರಲಿಕ್ಕಿಲ್ಲ. ನಾವು ಹೊರಡುವಾಗ ಮನೆಯ ಯಜಮಾನರು ನನ್ನ ಕೈಹಿಡಿದು ಬಹಳ ಹೊಗಳಿ, ಮುಂದಿನ ತಿಂಗಳು ತಮ್ಮನ ಮಗಳ ಮದುವೆ ಇದೆ, ತಾವು ಬಿಡುವಾಗಿದ್ದೀರಾ, ಎಂದು ಕೇಳಿದರು. ಸಂಬಂಧಿಕ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

೬. ಎರಡು ನಿಮಿಷ

ಇನ್ನು ಈ ವರ್ಷದ್ದು. ಹತ್ತು ದಿನ ಕಳೆದರೂ ಕುರ್ಚಿಗೆ ಯಾರೂ ಸಿಕ್ಕಿರಲಿಲ್ಲ. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಿದೆ. ವೆಲ್ಡರು, ತಾನು ಅಲ್ಲಿ ಕೂತರೆ ಮೂಕನಾಗುತ್ತೇನೆಂದು ಹೆಂಡತಿ ಹೆದರಿದ್ದಾಳೆ ಎಂದ. ಕ್ರೇನ್ ಓಡಿಸುವವನು, ಕೂರುತ್ತೇನೆ, ಆದರೆ ಪಕ್ಕದಲ್ಲಿ ಮಾತಿಗೆ ಇನ್ನೊಬ್ಬನನ್ನು ಕೂರಿಸಿ ಎಂದ. ಸ್ಟೋರಿನವನು ಒಪ್ಪಿದ, ಬಂದು ಕೂತ, ಕಾಲು ತಾಸಿಗೆ ನಿದ್ದೆ ಹೋದ. ಕ್ಯಾಮೆರಾದ ಕಂಬ ಆಗಲೇ ಬಂದು ಗೋಡೆಗೆ ಒರಗಿತ್ತು. ಒಳಗೆ ಯಾರಾದರೂ ಉಳಿದರೆ ಕಂಬ ಮರುಗುತ್ತದೆಯೇ.

ನಾನು ಕೇಳದೆ ಬಿಟ್ಟವನು ಒಬ್ಬನೇ. ಹರಿಹರದ ಒಬ್ಬ ಫಿಟ್ಟರು, ಜಗಳಗಂಟ. ಅವನಷ್ಟು ನನ್ನನ್ನು ಬೈದವರು ಬೇರೆ ಇಲ್ಲ. ಒಮ್ಮೆ ಅವನ ಕೈಯ ರಬ್ಬರ್ ಬ್ಯಾಂಡನ್ನು ಬರೆದುಕೊಂಡದ್ದಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದ.

ಕೊನೆಯ ದಿನ ಮಧ್ಯಾಹ್ನ ಮೇಲಿನ ಮುಚ್ಚಳ ಇಳಿಸಲು ಕ್ರೇನು ತಯಾರಾಗಿತ್ತು. ಎಲ್ಲರೂ ಹೊರಗೆ ಬಂದಿದ್ದರು, ಪಟ್ಟಿ ಸರಿಯಾಗಿತ್ತು. ಆಗ ಮೇಸ್ತ್ರಿ, ಇಷ್ಟು ವರ್ಷ ಬಾಗಿಲು ಕಾದಿದ್ದೀರಿ, ಒಳಗೆ ಹೇಗಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ ಎಂದು ಕೇಳಿದ. ನೋಡಿರಲಿಲ್ಲ. ಬಾಗಿಲು ಕಾಯುವವನು ಒಳಗೆ ಹೋದರೆ ಬಾಗಿಲಲ್ಲಿ ಯಾರಿರುತ್ತಾರೆ. ಒಂದು ಸಲ ಇಳಿದು ನೋಡಿ ಬನ್ನಿ ಎಂದು ಎಲ್ಲರೂ ಒತ್ತಾಯ ಮಾಡಿದರು. ನನಗೂ ಆಸೆ ಇತ್ತು, ಸುಳ್ಳು ಹೇಳಲಾರೆ. ಆ ರೆಕ್ಕೆಗಳ ಸಾಲನ್ನು ಒಮ್ಮೆ ಕೈಯಿಂದ ಮುಟ್ಟಿ ನಮಸ್ಕಾರ ಮಾಡಿ ಬರಬೇಕೆಂಬ ಆಸೆ. ಆದರೆ ಕುರ್ಚಿಯಲ್ಲಿ ಯಾರು? ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

"ಎರಡು ನಿಮಿಷ ತಾನೆ, ನಾ ಕುಂಡ್ರುತೀನಿ, ಹೋಗ್ರಿ," ಎಂದ ಜಗಳಗಂಟ. ಎಲ್ಲರೂ ನಕ್ಕರು. ಅವನೂ ನಗುತ್ತಲೇ ಕೂತ. ಕಾಲ ಮೇಲೆ ಕಾಲು ಹಾಕಿಕೊಂಡು ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡ. ಒಂದು ಪುಟ ತಿರುವಿದ. ಹಿಂದಿನದೊಂದು ತಿರುವಿದ. ಮೇಲಿನ ಕಾಲನ್ನು ಇಳಿಸಿದ, ಮತ್ತೆ ಮೇಲೆ ಹಾಕಲಿಲ್ಲ.

ನಾನು ಬೂಟು ಒರೆಸಿಕೊಂಡು ಒಳಗಿಳಿಯುವ ಏಣಿಯ ಕಡೆ ಹೆಜ್ಜೆ ಇಟ್ಟೆ.

"ನಿಲ್ರಿ. ಜೇಬು."

ತಮಾಷೆಗೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಪೆನ್ನು ಕೊಟ್ಟೆ, ಬರೆದ. ಮನೆಯ ಬೀಗದ ಕೈ ಕೊಟ್ಟೆ, ಎರಡು ಎಂದು ಎಣಿಸಿ ಬರೆದ. ವಿಭೂತಿ ಗಟ್ಟಿ, ಕರವಸ್ತ್ರ, ಬಸ್ ಪಾಸು, ಗುಂಡಿಯ ಬದಲು ಹಾಕಿದ್ದ ಪಿನ್ನು. ಪಿನ್ನು ತೆಗೆಸಿ, ಅಂಗಿಯನ್ನು ದಾರದಿಂದ ಕಟ್ಟಿಸಿದ. ಕನ್ನಡಕಕ್ಕೆ ಹುರಿ ಹಾಕಿಸಿದ. ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳಲು ಇಟ್ಟಿದ್ದ ಲವಂಗ ಕೊಟ್ಟೆ. "ಲವಂಗ, ಎರಡು" ಎಂದು ಬರೆದು, ಎರಡೇ ತಾನೆ ಎಂದು ಕೇಳಿದ. ಎರಡೇ ಎಂದೆ. ಇನ್ನೊಮ್ಮೆ ನೋಡಿ ಎಂದ. ಜೇಬಿನ ಮೂಲೆಯಲ್ಲಿ ಮೂರನೆಯದು ಇತ್ತು. ಇಪ್ಪತ್ತೆರಡು ವರ್ಷ ಊರಿನವರ ಜೇಬು ನೋಡಿದವನ ಜೇಬಿನಿಂದ ಸುಳ್ಳು ಹೇಳಿ ಉಳಿಸಿಕೊಂಡ ಲವಂಗ ಹೊರಬಂದದ್ದು ನೋಡಿ, ಕ್ರೇನಿನವನು ಮೇಲಿನಿಂದಲೇ ಶಿಳ್ಳೆ ಹೊಡೆದ.

ಎಲ್ಲ ಮುಗಿಯಿತು ಎಂದು ಏಣಿಗೆ ಕಾಲು ಕೊಟ್ಟೆ. ಹಿಂದಿನಿಂದ ಅವನು ಪರ್ಮಿಟ್ ಹಾಳೆಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದುತ್ತಿದ್ದ.

"ಇದರಾಗೆ ನಿಮ್ಮ ಹೆಸರು ಇಲ್ಲರಿ."

ಆ ಹಾಳೆಯನ್ನು ಬೆಳಿಗ್ಗೆ ಬರೆದವನು ನಾನೇ. ಒಳಗೆ ಹೋಗಬಹುದಾದವರ ಹೆಸರೆಲ್ಲ ಬರೆದು, ಕೆಳಗೆ ಗೆರೆ ಎಳೆದು, ಇನ್ನು ಯಾರನ್ನೂ ಸೇರಿಸತಕ್ಕದ್ದಲ್ಲ ಎಂದು ಸಹಿ ಹಾಕಿದ್ದೆ. ಸೇರಿಸಬೇಕಾದರೆ ಹೊಸ ಪರ್ಮಿಟ್ಟು, ಹೊಸ ಪರ್ಮಿಟ್ಟಿಗೆ ಸಾಹೇಬರ ಸಹಿ, ಸಾಹೇಬರು ದಾವಣಗೆರೆಗೆ ಹೋಗಿದ್ದರು. ಮೇಸ್ತ್ರಿ ನಡುವೆ ಬಂದು, ಯಜಮಾನರಿಗೂ ಹೀಗೆ ಮಾಡುತ್ತೀಯಲ್ಲ, ಎದ್ದೇಳು ಎಂದು ಗದರಿದ. ಉಳಿದವರೂ ಬೈದರು. ಅವನ ಮುಖ ಕೆಂಪಾಯಿತು, ಆದರೆ ಏಳಲಿಲ್ಲ.

"ಏಳೋದು ಹೆಂಗೆ? ಇವರ ಸಾಮಾನು ಹತ್ತು ಇಲ್ಲೈತೆ. ಇವರು ಸಹಿ ಮಾಡಿ ತಗೊಂಡ್ ಹೋಗ್ಲಿ, ಮುಚ್ಚಳ ಇಳೀಲಿ, ಆಮ್ಯಾಲೆ ಏಳ್ತೀನಿ."

ನಾನು ಸಹಿ ಮಾಡಿದೆ. ಅವನೂ ಕೆಳಗೆ ಸಹಿ ಹಾಕಿ ಮೂರೂ ಲವಂಗ ಎಣಿಸಿ ಕೊಟ್ಟ. ಮುಚ್ಚಳ ಇಳಿಯಿತು. ರೆಕ್ಕೆಗಳನ್ನು ನಾನು ನೋಡಲಿಲ್ಲ, ಇನ್ನು ನೋಡುವುದೂ ಇಲ್ಲ. ಸಂಜೆ ಸಾಹೇಬರು ಬಂದು, ಪುಸ್ತಕದಲ್ಲಿದ್ದ ಹೊಸ ಸಹಿಯನ್ನು ನೋಡಿ ನನ್ನ ಕಡೆ ತಿರುಗಿ, ಇವನೇನಾ ಎಂದು ಕೇಳಿದರು. ಇವನೇ ಎಂದೆ. ಅವನು ಸಾಹೇಬರ ಕೈಯಿಂದ ಪುಸ್ತಕ ತೆಗೆದುಕೊಂಡು ಬಗಲಿಗಿಟ್ಟ. ಕ್ಯಾಮೆರಾದ ಕಂಬವನ್ನು ಹೊತ್ತು ತಂದವರೇ ಹೊತ್ತುಕೊಂಡು ಹೋದರು.

ಅದಕ್ಕೆ ಮುಂಚೆ, ಬೋಲ್ಟು ಬಿಗಿಯುವ ಕೆಲಸದ ನಡುವೆ ಚಹಾ ಬಂತು. ಕ್ರೇನಿನ ಕೆಳಗೆ ಎಲ್ಲರೂ ಗುಂಡಗೆ ಕೂತಿದ್ದರು. ನನಗೆ ಕೂರಲು ನನ್ನದೆಂಬ ಜಾಗ ಉಳಿದಿರಲಿಲ್ಲ. ವೆಲ್ಡರು ಸ್ವಲ್ಪ ಸರಿದು, "ಬರ್ರಿ ಯಜಮಾನ್ರೇ, ಕೂಡ್ರಿ" ಎಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಗುಂಪಿನಲ್ಲಿ ಕೂತೆ. ಡಬ್ಬಿಯೊಳಗಿನ ಸದ್ದಾಗಿ ಕೇಳುತ್ತಿದ್ದ ಮಾತು ಏನೆಂದು ಆಗ ತಿಳಿಯಿತು. ಕುರ್ಚಿಯಲ್ಲಿ ಕೂತವನನ್ನು ಬಯ್ಯುವುದೇ ಆ ಮಾತು. ಎಷ್ಟು ಚೆನ್ನಾಗಿ ಬಯ್ಯುತ್ತಾರೆಂದರೆ, ಅಷ್ಟು ವರ್ಷದಿಂದ ಅಭ್ಯಾಸವಾದ ಬೈಗುಳ, ಒಂದು ಮಾತೂ ತಡವರಿಸುವುದಿಲ್ಲ. ಅವನ ಗತ್ತೇನು, ಅವನ ಪೆನ್ನೇನು, ಲವಂಗ ಎಣಿಸುವ ಮುಸುಡಿಯೇನು ಎಂದರು. ಮುಚ್ಚಳ ಇಳಿದಿದ್ದರೂ, ಬೋಲ್ಟು ಮುಗಿಯಲಿ ಎಂದು ದೂರದಲ್ಲಿ ಅವನು ಒಬ್ಬನೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನಿಗೆ ಚಹಾ ಒಯ್ಯಲು ಯಾರೂ ಏಳಲಿಲ್ಲ. ನಾನು ಏಳಬೇಕಿತ್ತು. ಆದರೆ ನಾನು ಒಯ್ದರೆ ಅವನು ಲೋಟವನ್ನೂ ಬರೆದುಕೊಳ್ಳುತ್ತಾನೆ, ಕುಡಿಯುವುದಿಲ್ಲ, ಅದು ನನಗೆ ಗೊತ್ತು. ಅದೂ ಅಲ್ಲದೆ, ಸರಿದು ಕೊಟ್ಟ ಜಾಗ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಚಹಾ ಒಂದು ಗುಟುಕು ಕುಡಿದು, ದೇವರು ಕ್ಷಮಿಸಲಿ, ಎಲ್ಲರಿಗಿಂತ ಜೋರಾಗಿ ನಾನೇ ಬೈದೆ.

ಇಷ್ಟೇ. ಎಲ್ಲಿಯಾದರೂ ಯಾವುದಾದರೂ ಯಂತ್ರದ ಬಾಗಿಲಲ್ಲಿ ಒಬ್ಬ ಪುಸ್ತಕ ಹಿಡಿದು ಒಂಟಿಯಾಗಿ ಕೂತಿರುವುದು ನಿಮ್ಮ ಕಣ್ಣಿಗೆ ಬಿದ್ದರೆ, ಒಳಗಿನವರೆಲ್ಲ ಹೊರಗೆ ಬರುವವರೆಗೆ ಕಾಯಿರಿ. ಆಮೇಲೆ ಹತ್ತಿರ ಹೋಗಿ ಇದನ್ನು ಅವನಿಗೆ ಹೇಳಿರಿ, ಅವನು ತನ್ನ ನಂತರ ಕೂರುವವನಿಗೆ ಹೇಳಲಿ. ಕೈಯಲ್ಲಿ ಮಾತ್ರ ಏನನ್ನೂ ಹಿಡಿದುಕೊಂಡು ಹೋಗಬೇಡಿರಿ.